ಆಕೆ ತೆಳ್ಳಗಾದರೆ ನನಗೇಕೆ ಮೋಸಹೋದಂತೆ ಅನಿಸುತ್ತದೆ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಚಿಕ್ಕಂದಿನಿಂದ ದಪ್ಪ. ‘ಡುಮ್ಮಿ’ ಅನ್ನಿಸಿಕೊಂಡೇ ಬೆಳೆದವಳು. ಗಾಯಕಿ ಅಡೆಲ್ ಅಂಥವರನ್ನು ನೋಡಿ, ಇರುವ ಮೈಯಲ್ಲೇ ತಲೆಯೆತ್ತಿ ಬದುಕಬಹುದು ಅಂತ ಧೈರ್ಯ ತಂದುಕೊಂಡಿದ್ದೆ. ಈಗ ಒಬ್ಬೊಬ್ಬರಾಗಿ ಎಲ್ಲರೂ ಸಣ್ಣಗಾಗುತ್ತಿದ್ದಾರೆ. ಸಿಟ್ಟು ಬರುತ್ತದೆ. ಇನ್ನೂ ನಾಚಿಕೆಯ ವಿಷಯ ಏನೆಂದರೆ, ಹೊಟ್ಟೆಯ ಕೊಬ್ಬು ತೆಗೆಸುವ ಲೈಪೊಸಕ್ಷನ್ ಬಗ್ಗೆ ನಾನೇ ರಾತ್ರಿ ಕೂತು ಹುಡುಕುತ್ತಿದ್ದೇನೆ. ಇದು ಆಷಾಢಭೂತಿತನ ಅಲ್ಲವೇ?
– ಹೆಸರು ಬೇಡ

ಉತ್ತರ: ಅಲ್ಲ. ಮೊದಲು ಸಿಟ್ಟಿನ ವಿಷಯಕ್ಕೆ ಬರೋಣ.

2020ರ ಮೇ ತಿಂಗಳಲ್ಲಿ ಅಡೆಲ್ ತಾವು ಸಣ್ಣಗಾಗಿರುವ ಹುಟ್ಟುಹಬ್ಬದ ಫೋಟೊ ಹಾಕಿದಾಗ ನಿಮ್ಮಂತೆಯೇ ಬಹಳ ಜನ ನೊಂದುಕೊಂಡರು. ಮನಸ್ಸಿನ ಆತಂಕ ತಡೆಯಲಾರದೆ ವ್ಯಾಯಾಮ ಶುರು ಮಾಡಿದೆ, ತೂಕ ಅದರ ಜೊತೆ ಇಳಿಯಿತು ಎಂದು ಆಕೆ ಆಮೇಲೆ ಹೇಳಿದರು. ಬೇರೆಯವರಿಗೆ ಅವರವರ ಮೈ ಬಗ್ಗೆ ಸಮಾಧಾನ ಹುಟ್ಟಿಸುವುದು ತನ್ನ ಕೆಲಸವಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ಕೇಳಲು ಕಟುವಾಗಿದೆ, ಆದರೆ ನ್ಯಾಯವಾದ ಮಾತು. ದಪ್ಪಗಿರುವವರ ಬಾವುಟವನ್ನು ಆಕೆಯ ಕೈಗೆ ಕೊಟ್ಟವರು ನಾವು. ದಪ್ಪಗಿರುವ ಹೆಣ್ಣುಮಕ್ಕಳು ಪರದೆಯ ಮೇಲೆ, ವೇದಿಕೆಯ ಮೇಲೆ ಅಷ್ಟು ಅಪರೂಪವಾದ್ದರಿಂದ ಸಿಕ್ಕ ಒಬ್ಬಿಬ್ಬರ ಮೇಲೆ ಎಲ್ಲರ ಆಸೆಯೂ ಬೀಳುತ್ತದೆ. ಅಂಥವರು ನೂರು ಮಂದಿ ಇದ್ದಿದ್ದರೆ ಒಬ್ಬಾಕೆ ಸಣ್ಣಗಾದದ್ದನ್ನು ನೀವು ಗಮನಿಸುತ್ತಲೂ ಇರಲಿಲ್ಲ. ನಿಮ್ಮ ಸಿಟ್ಟು ನಿಜವಾಗಿ ಸಲ್ಲಬೇಕಾದದ್ದು ಆ ಬರಕ್ಕೆ, ಆಕೆಗಲ್ಲ.

ಆದರೆ ಸೆಲೆಬ್ರಿಟಿಗಳ ಪರವಾಗಿ ನಾನು ವಾದಿಸುವುದು ಇಷ್ಟಕ್ಕೇ. ಮೈ ಅವರದು, ಏನಾದರೂ ಮಾಡಿಕೊಳ್ಳಲಿ. ಅದನ್ನು ಹೇಳದೆ ಸುಮ್ಮನಿರುವ ಹಕ್ಕೂ ಅವರಿಗಿದೆ. ಸುಳ್ಳು ಹೇಳಿದಾಗ ಮಾತ್ರ ನನಗೆ ತಕರಾರು. ಇಂಜೆಕ್ಷನ್ ತೆಗೆದುಕೊಂಡು, ಇಲ್ಲವೇ ಆಪರೇಷನ್ ಮಾಡಿಸಿಕೊಂಡು, ‘ಚೆನ್ನಾಗಿ ನೀರು ಕುಡಿದೆ, ಹೊತ್ತಿಗೆ ಸರಿಯಾಗಿ ಮಲಗಿದೆ’ ಎಂದರೆ, ನೀರು ಕುಡಿದು ಮಲಗಿದ ನಿಮ್ಮಂಥವರು ತಮ್ಮ ಮನೋಬಲವನ್ನೇ ಹಳಿದುಕೊಳ್ಳುತ್ತೀರಿ. ಲೆಕ್ಕ ನೋಡಿ: ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಔಷಧದ ಒಂದು ದೊಡ್ಡ ಪ್ರಯೋಗದಲ್ಲಿ, ಇಂಜೆಕ್ಷನ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿಯಿತು. ಅದೇ ಆಹಾರ-ವ್ಯಾಯಾಮದ ಸಲಹೆಯ ಜೊತೆ ಔಷಧವಿಲ್ಲದ ಇಂಜೆಕ್ಷನ್ ಪಡೆದವರದು ಇಳಿದದ್ದು ಶೇ 2.4 ಮಾತ್ರ. ಇನ್ನೊಂದು ಸಂಗತಿಯೂ ಇದೆ. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಕಳೆದುಕೊಂಡ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿ ಬಂದಿತ್ತು. ಔಷಧವನ್ನು ಮುಚ್ಚಿಟ್ಟವರು ಇದನ್ನೂ ಮುಚ್ಚಿಟ್ಟ ಹಾಗಾಯಿತು. ಈ ದೃಷ್ಟಿಯಿಂದ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ 2023ರ ಡಿಸೆಂಬರ್‌ನಲ್ಲಿ ತಾವು ತೂಕ ಇಳಿಸುವ ಔಷಧ ಬಳಸುತ್ತಿರುವುದಾಗಿ ಬಾಯಿಬಿಟ್ಟು ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ವರ್ಷಗಟ್ಟಲೆ ಡಯಟ್ ಕಂಪನಿಯೊಂದರ ಮುಖವಾಗಿದ್ದವರು ಅವರು. ಇನ್ನೂ ಬೇಗ ಹೇಳಬಹುದಿತ್ತು ಎಂದೂ ಅನಿಸಿತು, ಇರಲಿ.

ಇನ್ನು ನಿಮ್ಮ ಆಷಾಢಭೂತಿತನದ, ಅಂದರೆ ದ್ರೋಹದ ಪ್ರಶ್ನೆ. ಮೈ ಹೇಗಿದ್ದರೂ ಅದನ್ನು ಗೌರವಿಸಬೇಕು ಎನ್ನುವ ‘ಬಾಡಿ ಪಾಸಿಟಿವಿಟಿ’ಯ ಬೇರು ಇರುವುದು 1960ರ ದಶಕದ ಅಮೆರಿಕದಲ್ಲಿ. ದಪ್ಪಗಿರುವವರ ಹಕ್ಕಿಗಾಗಿ 1969ರಲ್ಲಿ ಅಲ್ಲೊಂದು ಸಂಘಟನೆಯೇ ಹುಟ್ಟಿತು. ದಪ್ಪಗಿದ್ದಾರೆಂದು ಕೆಲಸ ತಪ್ಪಿಸಬೇಡಿ, ಹೀಯಾಳಿಸಬೇಡಿ, ಏನೇ ಕಾಯಿಲೆ ಹೇಳಿಕೊಂಡು ಬಂದರೂ ‘ಮೊದಲು ತೂಕ ಇಳಿಸಿ’ ಎಂದು ವಾಪಸ್ ಕಳಿಸಬೇಡಿ – ಆ ಹೋರಾಟದ ಒಡಲಲ್ಲಿ ಇದ್ದದ್ದು ಇಂಥ ಬೇಡಿಕೆಗಳು. ಜೀವಮಾನವಿಡೀ ಮೈ ಬದಲಿಸುವುದಿಲ್ಲ ಎಂದು ಯಾರೂ ಯಾರಿಂದಲೂ ಆಣೆ ಮಾಡಿಸಿಕೊಂಡಿರಲಿಲ್ಲ. ನೀವು ಸಣ್ಣಗಾಗಿ, ನಾಳೆ ಇನ್ನೊಬ್ಬಳನ್ನು ಡುಮ್ಮಿ ಎಂದು ಕರೆದರೆ ಆಗ ಬನ್ನಿ, ದ್ರೋಹದ ಮಾತಾಡೋಣ.

ಲೈಪೊಸಕ್ಷನ್ ಬಗ್ಗೆ ಮಾತ್ರ ಸ್ವಲ್ಪ ನಿಧಾನಿಸಿ. ತೂಕ ಇಳಿಸುವ ಚಿಕಿತ್ಸೆ ಅಂತ ಅದನ್ನು ನೋಡಲೇಬೇಡಿ. ಅದು ತೆಗೆಯುವುದು ಚರ್ಮದ ಕೆಳಗಿನ ಕೊಬ್ಬನ್ನು. ಕರುಳು, ಯಕೃತ್ತಿನ ಸುತ್ತ ಕೂತು ಆರೋಗ್ಯ ಕೆಡಿಸುವ ಕೊಬ್ಬು ಅಲ್ಲೇ ಉಳಿಯುತ್ತದೆ. 2004ರ ಒಂದು ಸಣ್ಣ ಅಧ್ಯಯನದಲ್ಲಿ ಹೊಟ್ಟೆಯಿಂದ ಸುಮಾರು 10 ಕೆಜಿ ಕೊಬ್ಬು ತೆಗೆದರೂ ಮಹಿಳೆಯರ ರಕ್ತದೊತ್ತಡ, ಇನ್ಸುಲಿನ್‌ಗೆ ಮೈ ಸ್ಪಂದಿಸುವ ರೀತಿ ಸುಧಾರಿಸಲಿಲ್ಲ. ತೂಕ ಹೆಚ್ಚುಕಡಿಮೆ ಸ್ಥಿರವಾಗಿದ್ದು, ಒಂದು ಕಡೆ ಮಾತ್ರ ಹಟ ಹಿಡಿದು ಕೂತ ಕೊಬ್ಬಿಗೆ ಅದು ಸರಿ. ರಕ್ತ ಹೆಪ್ಪುಗಟ್ಟುವುದು, ಸೋಂಕು, ಕೊಬ್ಬಿನ ಕಣ ಶ್ವಾಸಕೋಶ ಸೇರುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಕುತ್ತು. ಹಾಗಾಗಿ ಮಾಡುವವರು ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜನ್ನೇ, ಅರಿವಳಿಕೆ ತಜ್ಞರು ಪೂರ್ತಿ ಹೊತ್ತು ಇರುತ್ತಾರೆಯೇ, ತೀವ್ರ ನಿಗಾ ಘಟಕ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಈ ಪ್ರಶ್ನೆಗಳಿಗೆ ಸಿಡಿಮಿಡಿಗೊಳ್ಳುವ ಜಾಗ ನಿಮಗೆ ಬೇಡ.

‘ರಾತ್ರಿ ಕೂತು’ ಎಂದು ಬರೆದಿದ್ದೀರಿ. ಎಷ್ಟು ರಾತ್ರಿಗಳಿಂದ? ಯಾರ ಮಾತಿನ ನಂತರ? ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಜನರ ಮಧ್ಯೆ ಹೋಗದೆ ತಪ್ಪಿಸಿಕೊಳ್ಳುವುದು, ಅದೇ ಒಂದು ಅಂಗದ ಯೋಚನೆಯಲ್ಲಿ ಕೆಲಸ ಕೆಡುವುದು – ಇವು ಇದ್ದರೆ ಸರ್ಜನ್‌ಗಿಂತ ಮೊದಲು ಮನೋವೈದ್ಯರನ್ನು ಕಾಣಿ. ರೂಪದ ಬಗೆಗಿನ ಈ ಗೀಳು ನೂರಕ್ಕೆ ಸುಮಾರು ಇಬ್ಬರಲ್ಲಿದೆ. ಆಪರೇಷನ್‌ನಿಂದ ಅದು ವಾಸಿಯಾಗುವುದು ತೀರಾ ಕಡಿಮೆ, ಒಂದು ಕಡೆ ಸರಿಹೋಯಿತೆಂದರೆ ಇನ್ನೊಂದು ಕಡೆ ಹತ್ತಿಕೊಳ್ಳುತ್ತದೆ. ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ ಮತ್ತು ಔಷಧಗಳು ಇದಕ್ಕೆ ಕೆಲಸ ಮಾಡುತ್ತವೆ. ಇಂಥದ್ದೇನೂ ಇಲ್ಲವೆಂದರೆ, ನಿರ್ಧಾರವನ್ನು ಆರು ತಿಂಗಳು ಮುಂದೂಡಿ ನೋಡಿ. ಆಗಲೂ ಬೇಕೆನಿಸಿದರೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಪ್ರಶ್ನೆ: 15 ವರ್ಷದ ಮಗಳು ನಟಿಯೊಬ್ಬಳನ್ನು ನೋಡಿ ‘ನನ್ನ ಮೂಗು ದಪ್ಪ, ಸರ್ಜರಿ ಮಾಡಿಸು’ ಎಂದು ಹಟ ಹಿಡಿದಿದ್ದಾಳೆ. ಬೈದೆ, ಪ್ರಯೋಜನವಾಗಲಿಲ್ಲ.
– ಒಬ್ಬ ತಾಯಿ

ಉತ್ತರ: ಬೈಗುಳ ನಿಲ್ಲಿಸಿ, ‘ಮೂಗು ಚೆನ್ನಾಗೇ ಇದೆ’ ಎಂಬ ಸಮಾಧಾನವನ್ನೂ ನಿಲ್ಲಿಸಿ. ಮೂಗು ಇನ್ನೂ ಬೆಳೆಯುವ ವಯಸ್ಸು, ಅದಕ್ಕೇ ಜವಾಬ್ದಾರಿಯುತ ಸರ್ಜನ್‌ಗಳು ಕಾಯಿರಿ ಎನ್ನುತ್ತಾರೆ. ಇದನ್ನು ನಿಮ್ಮ ಬದಲು ವೈದ್ಯರೇ ಅವಳಿಗೆ ಹೇಳಲಿ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಅವಳು ಮೂಗನ್ನು ನೋಡುತ್ತಿರುವುದು ಬಹುಶಃ ಸೆಲ್ಫಿಯಲ್ಲಿ. ಒಂದಡಿ ದೂರದಿಂದ ತೆಗೆದ ಫೋಟೊದಲ್ಲಿ ಮೂಗು, ಐದಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ ಎಂದು ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಎರಡೂ ದೂರದಿಂದ ಫಿಲ್ಟರ್ ಇಲ್ಲದೆ ಒಂದೊಂದು ಫೋಟೊ ತೆಗೆದು ಅವಳ ಕೈಗೆ ಕೊಡಿ. ‘ನಾನು ಹೇಳಲಿಲ್ವಾ’ ಅಂತ ಮಾತ್ರ ಅನ್ನಬೇಡಿ.