ಅವ್ವನ ಹೆಬ್ಬೆಟ್ಟು, ಅವ್ವನದೇ ತೀರ್ಮಾನ

ಮುಂಡರಗಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ಅವ್ವನಿಗೆ ಬಹಳ ದಿನದಿಂದ ಬೆನ್ನು, ಕೀಲು ನೋವು. ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ದಾಖಲು ಮಾಡಿಕೊಳ್ಳುವಾಗ ನಾಲ್ಕೈದು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರಲ್ಲಿ ಒಂದು, ಅವ್ವನ ಮಾಹಿತಿಯನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಪತ್ರ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಈಗ ಬೇಡ ಅನ್ನಬಹುದಾ? ಅಂದರೆ ಚಿಕಿತ್ಸೆಗೆ ತೊಂದರೆ ಆಗುತ್ತಾ?"

ಸಂಪಾದಕರ ಉತ್ತರ:

ನಮಸ್ಕಾರ. ಬೇಡ ಅನ್ನಬಹುದು. ಅದರಿಂದ ಚಿಕಿತ್ಸೆಗೆ ತೊಂದರೆ ಆಗಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ವಿವರಿಸಬೇಕು, ಸಂಶೋಧನೆಗೆ ಸಂಬಂಧವಿಲ್ಲದ ಅಕ್ಷರಸ್ಥ ಸಾಕ್ಷಿಯೊಬ್ಬರು ಎದುರಿಗಿದ್ದು ಸಹಿ ಹಾಕಬೇಕು ಎಂದೂ ಅದರಲ್ಲಿದೆ. ಕೌಂಟರಿನ ಗಡಿಬಿಡಿಯಲ್ಲಿ, ನೋವಿನಲ್ಲಿ ಕೂತ ಹಿರಿಯರಿಂದ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ನಾನಂತೂ ಒಪ್ಪಿಗೆ ಅನ್ನುವುದಿಲ್ಲ.

ಆದರೂ ಸಿಟ್ಟಿನಲ್ಲಿ ತಕ್ಷಣ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬೇಡಿ. ಇಂಥ ಮಾಹಿತಿಯಿಂದ ಊರಿಗೂ ಉಪಯೋಗ ಆಗಬಹುದು. ನಿಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ನಿಮಗೇ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಜಾಸ್ತಿ ಇದ್ದರೆ ಬೆನ್ನು, ಕೀಲುಗಳೂ ಬಿಗಿಯುತ್ತವೆ. ಅವ್ವನ ನೋವಿಗೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದನ್ನು ವೈದ್ಯರೇ ನೋಡಬೇಕು. ಆದರೆ ಒಬ್ಬರ ಎಕ್ಸರೇಯಿಂದ ಊರಿನ ನೀರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಹತ್ತಾರು ಊರಿನ ಜನರ ಎಕ್ಸರೇ, ಮೂತ್ರ ಪರೀಕ್ಷೆ, ಅವರು ಕುಡಿಯುವ ನೀರಿನ ವಿವರ ಒಟ್ಟಿಗೆ ಇಟ್ಟು ನೋಡಿದಾಗಲೇ ಯಾವ ಊರಿಗೆ ಮೊದಲು ಬೇರೆ ನೀರು ಕೊಡಬೇಕು ಅನ್ನುವುದು ಗೊತ್ತಾಗುತ್ತದೆ. ಈ ಕಾರಣಕ್ಕೇ ಮಾಹಿತಿ ಕೊಡುವುದು ಒಳ್ಳೆಯದು ಅಂತ ನಾನು ನಂಬುತ್ತೇನೆ. ಆದರೆ ಅದನ್ನು ಜನರನ್ನು ಕೇಳಿ ಪಡೆಯಬೇಕು, ಅಷ್ಟೇ.

"ಹೆಸರು ತೆಗೆದಿರುತ್ತೇವೆ" ಅಂದರೆ ಅಲ್ಲಿಗೇ ಸಮಾಧಾನ ಪಡಬೇಡಿ. ಸಣ್ಣ ಊರಿನಲ್ಲಿ ವಯಸ್ಸು, ಓಣಿ, ಕಾಯಿಲೆ ಹೇಳಿದರೆ ಸಾಕು, ಯಾರ ಮನೆಯವರು ಅಂತ ಕಟ್ಟೆಯ ಮೇಲೆ ಕೂತವರೇ ಹೇಳುತ್ತಾರೆ. ಇದು ಹಳ್ಳಿಯ ಮಾತು ಮಾತ್ರ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಲತಾನ್ಯಾ ಸ್ವೀನಿ ಎಂಬ ಸಂಶೋಧಕಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ ಮ್ಯಾಸಚೂಸೆಟ್ಸ್ ಗವರ್ನರ್ ಅವರ ದಾಖಲೆಯನ್ನೇ ಗುರುತಿಸಿದರು. ಅವರಿಗೆ ಬೇಕಾದದ್ದು ಹುಟ್ಟಿದ ದಿನ, ಲಿಂಗ, ಪಿನ್ ಕೋಡ್ ಮಾತ್ರ. ಹಾಗಾಗಿ ಊರಿನ ಹೆಸರು ಹೊರಗೆ ಹೋಗುತ್ತಾ, ದಾಖಲೆ ಯಾರ ಕೈಗೆ ಸಿಗುತ್ತದೆ, ಕಂಪನಿಗಳಿಗೂ ಕೊಡುತ್ತಾರಾ ಅಂತ ಕೇಳಿ.

ಇನ್ನೊಂದು ಮಾತು. ಪೂರ್ತಿ ಒಪ್ಪಬೇಕು, ಇಲ್ಲವೇ ಪೂರ್ತಿ ಬೇಡ ಅನ್ನಬೇಕು ಅಂತೇನಿಲ್ಲ. ಈ ಒಂದು ಅಧ್ಯಯನಕ್ಕೆ ಮಾತ್ರ, ಪರೀಕ್ಷೆಗೆ ತೆಗೆದು ಉಳಿದ ರಕ್ತವನ್ನು ಇಟ್ಟುಕೊಳ್ಳಬೇಡಿ, ಬೇರೆಯದಕ್ಕೆ ಬಳಸುವ ಮುಂಚೆ ಮತ್ತೆ ಕೇಳಿ, ಹೀಗೆಲ್ಲ ಹೇಳಬಹುದು. ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಬರೆದು ಕೊಡಿ. ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸಲು ಸರ್ಕಾರ ಕೊಡುವ 14 ಅಂಕಿಯ ಆಭಾ ಸಂಖ್ಯೆಯನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ. ಅದೇ ಬೇರೆ, ಅದೂ ಕಡ್ಡಾಯವಲ್ಲ.

ಈಗ ಮಾಡಬೇಕಾದ್ದು: ಆಸ್ಪತ್ರೆಯಿಂದ ಒಪ್ಪಿಗೆ ಪತ್ರದ ಪ್ರತಿ, ಮಾಹಿತಿ ಹಾಳೆ ಕೇಳಿ ಪಡೆಯಿರಿ. ಕನ್ನಡದಲ್ಲಿ ಅವ್ವನಿಗೆ ಓದಿ ಹೇಳಿ. ನಿಮ್ಮ ಅಭಿಪ್ರಾಯ ಆಮೇಲೆ ಹೇಳಿ, ಮೊದಲು ಅವರು ಮಾತಾಡಲಿ. ಬೇಡ ಅಂದರೆ ಸಂಶೋಧನೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಆಸ್ಪತ್ರೆಯ ನೈತಿಕ ಸಮಿತಿಗೆ ಪತ್ರ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಗುರುತು ಪೂರ್ತಿ ಅಳಿಸಿ ಈಗಾಗಲೇ ಲೆಕ್ಕಕ್ಕೆ ಸೇರಿಸಿದ ಮಾಹಿತಿ ವಾಪಸ್ ಬರುವುದು ಕಷ್ಟ, ಆದ್ದರಿಂದ ತಡ ಮಾಡಬೇಡಿ.