ಪೆರೋಲ್ ಮೇಲೆ ಹೊರಗಿದ್ದರೂ ಹೇಬಿಯಸ್ ಕಾರ್ಪಸ್ ಹಾಕಬಹುದೇ?

ಅಮೆರಿಕದ ಒಂದು ರಾಜ್ಯದಲ್ಲಿ ಶಿಕ್ಷೆಯಾಗಿ ಈಗ ಪೆರೋಲ್ ಮೇಲೆ ಹೊರಬಂದಿರುವ ನಿಮ್ಮ ಸಂಬಂಧಿಕರು ಫೆಡರಲ್ (ಕೇಂದ್ರದ) ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದೇ, ಜೈಲು ಬಿಟ್ಟ ಮೇಲೆ ಆ ಹಕ್ಕು ಮುಗಿಯಿತೇ ಎಂದು ಕೇಳಿದ್ದೀರಿ. ಮುಗಿದಿಲ್ಲ, ಹಾಕಬಹುದು. ಅಲ್ಲಿನ ಒಂದು ಕಾನೂನು ನೆರವು ಕಚೇರಿಯಲ್ಲಿ ಕೆಲವು ವರ್ಷ ಖೈದಿಗಳ ಪತ್ರ ಓದುವ ಕೆಲಸ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ.

ನಮ್ಮಲ್ಲಿ ಪೆರೋಲ್ ಅಂದರೆ ಅಪ್ಪನ ತಿಥಿಗೋ ಮಗಳ ಮದುವೆಗೋ ಕೆಲವು ದಿನ ಹೊರಗೆ ಬಂದು ಮತ್ತೆ ಒಳಗೆ ಹೋಗುವುದು. ಅಲ್ಲಿ ಹಾಗಲ್ಲ, ಉಳಿದ ಶಿಕ್ಷೆಯನ್ನೇ ಅಧಿಕಾರಿಯ ನಿಗಾದಲ್ಲಿ ಹೊರಗೆ ಕಳೆಯುತ್ತಾರೆ. ಹೇಬಿಯಸ್ ಕಾರ್ಪಸ್ ಅಂದಕೂಡಲೇ ನಮಗೆ ಕಾಣೆಯಾದ ಮಗಳನ್ನು ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹೋಗುವ ತಂದೆತಾಯಿ ನೆನಪಾಗುತ್ತಾರೆ. ಅಲ್ಲಿ ಹೆಚ್ಚಾಗಿ ಅದನ್ನು ಹಾಕುವುದು ನನಗಾದ ಶಿಕ್ಷೆಯೇ ಸಂವಿಧಾನಕ್ಕೆ ವಿರುದ್ಧ ಎನ್ನುವುದಕ್ಕೆ.

ಇದನ್ನು ಇತ್ಯರ್ಥ ಮಾಡಿದ್ದು 1963ರ ಜೋನ್ಸ್ ವಿರುದ್ಧ ಕನಿಂಗ್‌ಹ್ಯಾಮ್ ತೀರ್ಪು. ವರ್ಜೀನಿಯಾದಲ್ಲಿ 10 ವರ್ಷ ಶಿಕ್ಷೆಯಾಗಿದ್ದ ಜೋನ್ಸ್‌ಗೆ, ಅವರ ಹೇಬಿಯಸ್ ಅರ್ಜಿಯ ಮೇಲ್ಮನವಿ ವಿಚಾರಣೆಗೆ ಬರುವ ಮೊದಲೇ, ಪೆರೋಲ್ ಸಿಕ್ಕಿತು. ಬಂಧನದಲ್ಲಿರುವವರಿಗೆ ಮಾತ್ರ ಈ ಅರ್ಜಿ, ಹೊರಬಂದ ಮೇಲೆ ಇನ್ನೇನು ಉಳಿಯಿತು ಎಂದು ಕೆಳಗಿನ ಕೋರ್ಟು ಕೈಬಿಟ್ಟಿತು. ಆದರೆ ಅವರ ಷರತ್ತುಗಳನ್ನು ನೋಡಿ: ಜಾರ್ಜಿಯಾದ ಲಫಾಯೆಟ್‌ನಲ್ಲಿ ನೆಂಟರ ಮನೆಯಲ್ಲೇ ಇರಬೇಕು, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ, ಕಾರು ಓಡಿಸುವಂತಿಲ್ಲ, ತಿಂಗಳಿಗೊಮ್ಮೆ ಅಧಿಕಾರಿಯ ಮುಂದೆ ಹಾಜರಾಗಬೇಕು, ಅಧಿಕಾರಿ ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆಯಬೇಕು. ಇದೂ ಬಂಧನವೇ ಎಂದಿತು ಸುಪ್ರೀಂ ಕೋರ್ಟ್. ನನಗೆ ಆ ತೀರ್ಪಿನ ಮೇಲೆ ಇವತ್ತಿಗೂ ಗೌರವ.

ಶಿಕ್ಷೆಯ ಅವಧಿ ಪೂರ್ತಿ ಮುಗಿದ ಮೇಲೆ ಹೊಸದಾಗಿ ಅರ್ಜಿ ಹಾಕಿದರೆ ಮಾತ್ರ ನಡೆಯುವುದಿಲ್ಲ, 1989ರಲ್ಲಿ ಅದೂ ತೀರ್ಮಾನವಾಗಿದೆ. ಅವಧಿಯೊಳಗೆ ಹಾಕಿದ್ದರೆ, ನಡುವೆ ಬಿಡುಗಡೆಯಾದರೂ ಸಾಮಾನ್ಯವಾಗಿ ಅರ್ಜಿ ಉಳಿಯುತ್ತದೆ.

ನಿಜವಾದ ಅಪಾಯ ವಾಯಿದೆಯದು. ಮೊದಲು ರಾಜ್ಯದ ಕೋರ್ಟುಗಳಲ್ಲಿ ಇದೇ ವಾದ ಹೂಡಿ ಸೋತಿರಬೇಕು. 1996ರ ಕಾನೂನಿನ ಪ್ರಕಾರ ಶಿಕ್ಷೆ ಅಂತಿಮವಾದ ದಿನದಿಂದ, ಅಂದರೆ ಶಿಕ್ಷೆಯ ಮೇಲಿನ ನೇರ ಮೇಲ್ಮನವಿಗಳು ಅಥವಾ ಅವಕ್ಕಿರುವ ಸಮಯ ಮುಗಿದ ದಿನದಿಂದ, ಸಾಮಾನ್ಯವಾಗಿ 1 ವರ್ಷ ಮಾತ್ರ ಸಮಯ. ರಾಜ್ಯದಲ್ಲಿ ಸರಿಯಾಗಿ ಹಾಕಿದ ಪುನರ್‌ಪರಿಶೀಲನೆಯ ಅರ್ಜಿ ಬಾಕಿ ಇರುವಷ್ಟು ದಿನ ಗಡಿಯಾರ ನಿಲ್ಲುತ್ತದೆ, ಆದರೆ ಹಿಂದೆ ತಿರುಗುವುದಿಲ್ಲ.

ಒಬ್ಬರ ಪತ್ರ ಇನ್ನೂ ಕಣ್ಣ ಮುಂದಿದೆ. ಗೆರೆ ಎಳೆದ ಹಳದಿ ಹಾಳೆ, ಹಿಂಬದಿಗೂ ಮೂಡುವಷ್ಟು ಒತ್ತಿ ಬರೆದ ಅಕ್ಷರ, ಗಟ್ಟಿ ವಾದ. 11 ತಿಂಗಳು ಕಳೆದ ಮೇಲೆ ರಾಜ್ಯದ ಕೋರ್ಟಿಗೆ ಹೋಗಿದ್ದರು. ಅಲ್ಲಿ ಸೋತಾಗ ಮತ್ತೆ ಪೂರ್ತಿ ಒಂದು ವರ್ಷ ಸಿಗುತ್ತದೆ ಅಂದುಕೊಂಡು 5 ತಿಂಗಳು ಸುಮ್ಮನಿದ್ದರು. ಉಳಿದಿದ್ದದ್ದು ಒಂದೇ ತಿಂಗಳು. ಅವರ ವಾದ ಸರಿಯೋ ತಪ್ಪೋ ಎಂದು ನೋಡುವ ಹಂತಕ್ಕೇ ಕೋರ್ಟು ಹೋಗಲಿಲ್ಲ.

ಅರ್ಜಿಯ ಶುಲ್ಕ 5 ಡಾಲರ್ ಅಷ್ಟೇ, ನಮೂನೆ ಆ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲೇ ಸಿಗುತ್ತದೆ. ವಕೀಲರನ್ನು ಕೊಡಲೇಬೇಕೆಂಬ ನಿಯಮವಿಲ್ಲ, ಕೇಳಿಕೊಳ್ಳಬಹುದು. ಶಿಕ್ಷೆ ಅಂತಿಮವಾದ ದಿನ, ರಾಜ್ಯದ ಅರ್ಜಿ ಹಾಕಿದ ಮತ್ತು ಮುಗಿದ ದಿನ, ಪೆರೋಲ್ ಮುಗಿಯುವ ದಿನ, ಇವಿಷ್ಟನ್ನು ಕಾಗದಗಳಿಂದಲೇ ನೋಡಿ ಬರೆದುಕೊಂಡು ಈ ವಾರವೇ ಅಲ್ಲಿನ ವಕೀಲರೊಬ್ಬರಿಗೆ ತೋರಿಸಿ.