8 ಇಂಚಿನ ವೂಫರ್ ಜೊತೆ 97 ಡಿಬಿ ಮಿಡ್‌ರೇಂಜ್: ಯಾವುದು ತಗೊಳ್ಳಲಿ?

ಮಣಿಪಾಲದ ಬಾಡಿಗೆ ಮನೆಯ ಹಾಲ್, 25 ಸೆಂ.ಮೀ. ಅಗಲದ ಬಾಕ್ಸ್, 8 ಓಮ್ 88 ಡಿಬಿಯ 8 ಇಂಚು ವೂಫರ್ (ಕೆಳಗಿನ ಸ್ವರಗಳದ್ದು), 90 ಡಿಬಿಯ ಸಾಫ್ಟ್ ಡೋಮ್ ಟ್ವೀಟರ್ (ಮೇಲಿನ ಸ್ವರಗಳದ್ದು), 40 ವಾಟ್ ಆಂಪ್ಲಿಫೈಯರ್. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಭಾಗವತರ ಸ್ವರ ಎದುರಿಗೆ ಬಂದು ನಿಲ್ಲಬೇಕು, ಅದಕ್ಕೆ 400ರಿಂದ 2,500 ಹರ್ಟ್ಸ್‌ವರೆಗಿನ ನಡುವಿನ ಸ್ವರಗಳಿಗೆ 97 ಡಿಬಿಯ ಮಿಡ್ ಯಾವುದು ಅಂತ ಕೇಳಿದ್ದೀರಿ. (ಈ ಡಿಬಿ ಅಂಕಿಯೇ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರು ಅನ್ನುವುದು.) ಇದೇ ಪಟ್ಟಿ ಹಿಡಿದುಕೊಂಡು ಅಂಗಡಿ ಅಂಗಡಿ ತಿರುಗಿದವ ನಾನು. ಹಾಗಾಗಿ ನೇರ ಹೇಳ್ತೇನೆ ಮಾರಾಯ್ರೆ, 97 ಡಿಬಿ ಮಿಡ್ ನಿಮಗೆ ಬೇಡ.

ಪ್ಯಾಸಿವ್ ಕ್ರಾಸ್‌ಓವರ್ (ಕಾಯಿಲ್, ಕೆಪಾಸಿಟರ್‌ಗಳಿಂದ ಸ್ವರಗಳನ್ನು ಪಾಲು ಮಾಡುವ ಸರ್ಕ್ಯೂಟ್) ಹಾಕಿದ ಸ್ಪೀಕರ್ ಎಷ್ಟು ಜೋರು ಅನ್ನುವುದನ್ನು ಹೇಳುವುದು ವೂಫರ್, ಮಿಡ್ ಅಲ್ಲ. ಆ 88 ಡಿಬಿ ಕೂಡ ನಿಮ್ಮ ಮನೆಯಲ್ಲಿ ಪೂರ್ತಿ ಸಿಗುವುದಿಲ್ಲ. ಕಂಪೆನಿಯವರು ಅಳೆಯುವುದು ದೊಡ್ಡ ಗೋಡೆಯಂಥ ಬಫಲ್‌ನಲ್ಲಿ, ಅಂದರೆ ಎದುರಿನ ಹಲಗೆಯಲ್ಲಿ ಕೂರಿಸಿ. 115ನ್ನು ಬಫಲ್‌ನ ಅಗಲದಿಂದ (ಮೀಟರ್ ಲೆಕ್ಕದಲ್ಲಿ) ಭಾಗಿಸಿ: 0.25ಕ್ಕೆ 460 ಹರ್ಟ್ಸ್ ಬರುತ್ತದೆ. ಅದರ ಆಸುಪಾಸಿನಿಂದ ಕೆಳಗೆ ಶಬ್ದ ಬಾಕ್ಸನ್ನು ಸುತ್ತಿಕೊಂಡು ಹಿಂದಕ್ಕೂ ಹರಡಿ, ಎದುರಿಗೆ ನಿಧಾನವಾಗಿ 6 ಡಿಬಿವರೆಗೆ ಇಳಿಯುತ್ತದೆ. ಹಿಂದಿನ ಗೋಡೆ ಸ್ವಲ್ಪ ವಾಪಸ್ ಕೊಟ್ಟರೂ 3-4 ಡಿಬಿ ಹೋಯಿತು ಅಂತಲೇ ಲೆಕ್ಕ ಹಿಡಿಯಿರಿ. ನಿಮ್ಮ ಸ್ಪೀಕರ್ 84-85 ಡಿಬಿಯದ್ದು. ಮಿಡ್ ಮತ್ತು ಟ್ವೀಟರ್ ಎರಡೂ ಅಲ್ಲಿಗೆ ಇಳಿದು ಬರಬೇಕು.

97ನ್ನು 85ಕ್ಕೆ ಇಳಿಸಲು 12 ಡಿಬಿ ಎಲ್-ಪ್ಯಾಡ್ (ಶಬ್ದ ತಗ್ಗಿಸುವ ಎರಡು ರೆಸಿಸ್ಟರಿನ ಜೋಡಿ) ಬೇಕು. 8 ಓಮ್ ಮಿಡ್‌ಗೆ ಸೀರೀಸ್‌ನಲ್ಲಿ 6 ಓಮ್, ಡ್ರೈವರಿಗೆ (ವೂಫರ್, ಮಿಡ್, ಟ್ವೀಟರ್ ಪ್ರತಿಯೊಂದೂ ಒಂದು ಡ್ರೈವರ್, ಇಲ್ಲಿ ಮಿಡ್) ಪ್ಯಾರಲಲ್ ಆಗಿ 2.7 ಓಮ್. ಆ ದಾರಿಯಲ್ಲಿ 10 ವಾಟ್ ಕಳಿಸಿದರೆ ಡ್ರೈವರಿಗೆ ಮುಟ್ಟುವುದು ಬರೀ 0.6 ವಾಟ್. ಸೀರೀಸ್ ರೆಸಿಸ್ಟರ್ ಒಂದೇ 7.5 ವಾಟ್ ಕುಡಿದು ಕಾಯುತ್ತದೆ. ದುಬಾರಿ ಮ್ಯಾಗ್ನೆಟ್‌ಗೆ ಕೊಟ್ಟ ದುಡ್ಡು ಸಿಮೆಂಟ್ ರೆಸಿಸ್ಟರ್ ಬಿಸಿ ಮಾಡಲಿಕ್ಕೆ ಹೋಯಿತು. ನಿಮಗೆ ಸಾಕಾಗುವುದು 88ರಿಂದ 90 ಡಿಬಿಯ ಮಿಡ್. 3-5 ಡಿಬಿ ಕಡಿಮೆ ಮಾಡಲು ಜಾಗ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ಎಂತಕ್ಕೆ?

ಈಗ ನನ್ನ ದುಡ್ಡು ನುಂಗಿದ ವಿಷಯ. ಡೇಟಾಶೀಟಿನಲ್ಲಿ ಸೆನ್ಸಿಟಿವಿಟಿಯನ್ನು ಎರಡು ಥರ ಬರೆಯುತ್ತಾರೆ: 1 ವಾಟ್, 1 ಮೀಟರ್ ಅಂತ ಒಂದು, 2.83 ವೋಲ್ಟ್, 1 ಮೀಟರ್ ಅಂತ ಇನ್ನೊಂದು. 8 ಓಮ್ ಡ್ರೈವರಿಗೆ ಎರಡೂ ಒಂದೇ, ಯಾಕೆಂದರೆ 8 ಓಮ್‌ಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವಾಟ್. 4 ಓಮ್‌ಗೆ ಅದೇ ವೋಲ್ಟ್ ಕೊಟ್ಟರೆ 2 ವಾಟ್ ಎಳೆಯುತ್ತದೆ. ಹಾಗಾಗಿ 2.83 ವೋಲ್ಟ್‌ಗೆ 92 ಡಿಬಿ ಅಂತ ಬರೆದ 4 ಓಮ್ ಮಿಡ್ ನಿಜಕ್ಕೂ 89 ಡಿಬಿಯದ್ದು, ಉಳಿದ 3 ಡಿಬಿ ನಿಮ್ಮ ಆಂಪ್ಲಿಫೈಯರಿನ ಬೆವರು. ಕಾರ್ ಆಡಿಯೋದ ಮಿಡ್‌ಗಳೆಲ್ಲ ಹೆಚ್ಚು ಕಡಿಮೆ 4 ಓಮ್. "ಎಫಿಶಿಯೆಂಟ್ ಉಂಟು, ಕಡಿಮೆಗೆ ಸಿಗ್ತದೆ" ಅಂತ ಅಂಗಡಿಯಲ್ಲಿ ತೋರಿಸುವುದು ಅದನ್ನೇ.

ಇಲ್ಲಿಗೆ ಮುಗಿಯುವುದಿಲ್ಲ. ಕ್ರಾಸ್‌ಓವರಿನಲ್ಲಿ ವೂಫರಿಗೂ ಮಿಡ್‌ಗೂ ಹೋಗುವುದು ಒಂದೇ ವೋಲ್ಟೇಜ್. ಲೆವೆಲ್ ಹೊಂದಿಸಲು ನೋಡಬೇಕಾದದ್ದು 2.83 ವೋಲ್ಟಿನ ಅಂಕಿ, ಡ್ರೈವರ್ ಎಷ್ಟು ಎಫಿಶಿಯೆಂಟ್ ಅಂತ ತೀರ್ಮಾನಿಸಲು ನೋಡಬೇಕಾದದ್ದು 1 ವಾಟಿನ ಅಂಕಿ. ಎರಡನ್ನೂ ಕಲಸಿದಿರೋ ಕೆಟ್ಟಿತು. 4 ಓಮ್ ಮಿಡ್‌ನ ಶೀಟಿನಲ್ಲಿ 1 ವಾಟ್‌ಗೆ 89 ಅಂತ ಇದ್ದು, ಅದನ್ನೇ ಹಿಡಿದು ಪ್ಯಾಡ್ ಲೆಕ್ಕ ಹಾಕಿದರೆ, ಮಿಡ್ 3 ಡಿಬಿ ಹೆಚ್ಚು ಕೂಗುತ್ತದೆ. 400ರಿಂದ 2,500 ಹರ್ಟ್ಸ್ ಪೂರ್ತಿ 3 ಡಿಬಿ ಎದ್ದು ನಿಂತರೆ ಭಾಗವತರು ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ, ಮದ್ದಳೆಯ ಕೆಳಗಿನ ನಾದ ಎಲ್ಲೋ ಮಾಯ. ಆಮೇಲೆ 8 ಓಮ್ ಅಂತ ತಂದ ಸಾಮಾನೂ ನಿಷ್ಪ್ರಯೋಜಕ. 400 ಹರ್ಟ್ಸ್‌ನ ಎರಡನೇ ಆರ್ಡರ್ ಲಿಂಕ್‌ವಿಟ್ಜ್-ರೈಲಿ ಅನ್ನುವ ಥರದ ಕ್ರಾಸ್‌ಓವರ್ ಫಿಲ್ಟರಿಗೆ 8 ಓಮ್‌ನಲ್ಲಿ 25 ಮೈಕ್ರೋಫ್ಯಾರಡ್ ಮತ್ತು 6.4 ಮಿಲಿಹೆನ್ರಿ ಬೇಕು. 4 ಓಮ್‌ನಲ್ಲಿ 50 ಮತ್ತು 3.2. ಕೆಪಾಸಿಟರ್, ಕಾಯಿಲ್ ಎರಡೂ ಮತ್ತೆ ತರಬೇಕು. ಈ ಗಾತ್ರದ ಫಿಲ್ಮ್ ಕೆಪಾಸಿಟರ್ ಅಗ್ಗದ್ದಲ್ಲ. ಹಾಗಾಗಿ ವೂಫರ್ 8 ಓಮ್ ಇದ್ದರೆ ಮಿಡ್ ಕೂಡ 8 ಓಮ್, ಬೇರೆ ಮಾತಿಲ್ಲ.

ಡಿಬಿ ಒಂದು ಬದಿಗಿಟ್ಟು ಗ್ರಾಫ್ ನೋಡಿ. ನಿಮಗೆ ಬೇಕಾದದ್ದು 300ರಿಂದ 4,000 ಹರ್ಟ್ಸ್‌ವರೆಗೆ 2 ಡಿಬಿ ಆಚೀಚೆಯೊಳಗೆ ಸಪಾಟಾಗಿರುವ ಗೆರೆ. 5 ಇಂಚಿನ ಪೇಪರ್ ಕೋನ್ ಸಾಕು. ಅದರ ಕೋನ್ ಸುಮಾರು 10 ಸೆಂ.ಮೀ., 3,400 ಹರ್ಟ್ಸ್‌ನ ತರಂಗದ ಉದ್ದವೂ ಅಷ್ಟೇ. ಅದರಿಂದ ಮೇಲೆ ಶಬ್ದ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ, ಬದಿಯಲ್ಲಿ ಕೂತವರಿಗೆ ಸಿಗುವುದಿಲ್ಲ. 2,500ಕ್ಕೆ ಟ್ವೀಟರಿಗೆ ಬಿಟ್ಟುಕೊಟ್ಟರೆ ಆ ತೊಂದರೆ ಇಲ್ಲ. ಕೋನ್ ಒಂದೇ ತುಂಡಾಗಿ ಅಲುಗದೆ ಕಿರುಚುವ ಶಿಖರ ಗ್ರಾಫಿನಲ್ಲಿ 5,000ಕ್ಕಿಂತ ಮೇಲೆ ಇರಲಿ.

ಅಂಚಿನ ಸರೌಂಡ್ ರಬ್ಬರ್ ಅಥವಾ ಲೇಪ ಹಚ್ಚಿದ ಬಟ್ಟೆಯದ್ದೇ ಇರಬೇಕು. ಫೋಮ್ ಸರೌಂಡ್ ನಮ್ಮ ಕರಾವಳಿಯ ತೇವಕ್ಕೆ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಪುಡಿಪುಡಿಯಾಗುತ್ತದೆ. ಬಾಕ್ಸಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೂಡ ಬೇಡ, ಮಳೆಗಾಲದಲ್ಲಿ ಸ್ಕ್ರೂ ತೂತಿನ ಸುತ್ತ ಉಬ್ಬುತ್ತದೆ. ಐಎಸ್ 710 ಮುದ್ರೆಯ (ಮರೀನ್ ದರ್ಜೆಯ) 18 ಮಿ.ಮೀ. ಪ್ಲೈವುಡ್, ಸ್ಟೇನ್‌ಲೆಸ್ ಸ್ಕ್ರೂ, ಕೊಯ್ದ ಅಂಚಿಗೆಲ್ಲ ಸೀಲರ್.

ಮಿಡ್‌ಗೆ ಬೇರೆಯೇ ಮುಚ್ಚಿದ ಕೋಣೆ ಬೇಕು, ಇಲ್ಲದಿದ್ದರೆ ವೂಫರಿನ ಒತ್ತಡ ಅದರ ಕೋನನ್ನು ಹಿಂದಿನಿಂದ ದೂಡುತ್ತದೆ. ಉದಾಹರಣೆಗೆ ಎಫ್‌ಎಸ್ (ರೆಸೊನೆನ್ಸ್, ಅಂದರೆ ಡ್ರೈವರ್ ತಾನಾಗಿ ಕಂಪಿಸುವ ಆವರ್ತನ) 70 ಹರ್ಟ್ಸ್, ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆ ಅನ್ನುವ ಅಂಕಿ) 0.35, ವಿಎಎಸ್ (ಕೋನಿನ ಸ್ಪ್ರಿಂಗ್‌ನಷ್ಟೇ ಬಿಗಿ ಇರುವ ಗಾಳಿಯ ಅಳತೆ) 8 ಲೀಟರ್ ಇರುವ ಡ್ರೈವರ್ ಅಂದುಕೊಳ್ಳಿ. 2.7 ಲೀಟರಿನ ಕೋಣೆಯಲ್ಲಿ 8ನ್ನು 2.7ರಿಂದ ಭಾಗಿಸಿದರೆ ಸುಮಾರು 3, ಅದಕ್ಕೆ 1 ಕೂಡಿಸಿ ವರ್ಗಮೂಲ ತೆಗೆದರೆ 2. ಎಫ್‌ಎಸ್ 140ಕ್ಕೆ, ಕ್ಯೂ 0.7ಕ್ಕೆ ಏರುತ್ತದೆ. ಕ್ರಾಸ್‌ಓವರ್ ಇದಕ್ಕಿಂತ ಕನಿಷ್ಠ ಒಂದು ಆಕ್ಟೇವ್ (ಎರಡು ಪಟ್ಟು) ಮೇಲಿರಬೇಕು, ಅಂದರೆ 280. ನಿಮ್ಮದು 400, ಸಾಕು. ಕೋಣೆಯ ಒಂದು ಗೋಡೆ ಓರೆಯಾಗಿರಲಿ. ತುಂಬಲು ಪಾಲಿಯೆಸ್ಟರ್ ಹತ್ತಿ ಬಳಸಿ, ತಲೆದಿಂಬಿನ ಬೂರುಗದ ಹತ್ತಿ ಆಟಿ ತಿಂಗಳಲ್ಲಿ ಬೂಸಲು ಹಿಡಿಯುತ್ತದೆ. ಹೆಚ್ಚಿನವರು ಬಿಡುವ ಒಂದು ಕೆಲಸ: 18 ಮಿ.ಮೀ. ಪ್ಲೈಯ ತೂತು ಡ್ರೈವರಿನ ಬೆನ್ನಿಗೆ ಸುರಂಗದ ಹಾಗೆ ಆಗುತ್ತದೆ. ಒಳಬದಿಯ ಅಂಚನ್ನು ಮರಗೆಲಸದ ರೂಟರಿನಲ್ಲಿ 45 ಡಿಗ್ರಿ ಓರೆ ಕೊಯ್ಯಿರಿ, ಸ್ಕ್ರೂ ಹಿಡಿಯುವ ಜಾಗ ಮಾತ್ರ ಬಿಡಿ.

ಮೇಲಿನ ಕೆಪಾಸಿಟರ್-ಕಾಯಿಲ್ ಲೆಕ್ಕ ಆರಂಭಕ್ಕೆ ಮಾತ್ರ. ಡ್ರೈವರಿನ ಇಂಪೀಡೆನ್ಸ್ ಎಲ್ಲ ಕಡೆ 8 ಓಮ್ ಇರುವುದಿಲ್ಲ, ರೆಸೊನೆನ್ಸ್ ಹತ್ತಿರ ಹಲವು ಪಟ್ಟು ಏರುತ್ತದೆ. ಶಬ್ದ ಅಳೆಯುವ ಆರ್‌ಇಡಬ್ಲ್ಯೂ ಅನ್ನುವ ಸಾಫ್ಟ್‌ವೇರ್ ಉಚಿತ, ಒಂದು ಯುಎಸ್‌ಬಿ ಅಳತೆ ಮೈಕ್ ತಗೊಳ್ಳಿ. ಎರಡನೇ ಆರ್ಡರ್ ಆದ್ದರಿಂದ ಮಿಡ್‌ನ ಪ್ಲಸ್-ಮೈನಸ್ ಉಲ್ಟಾ ಜೋಡಿಸಬೇಕು. ಸರಿಯಾಗಿದೆಯೋ ನೋಡಲು ಬೇಕೆಂದೇ ನೇರ ಜೋಡಿಸಿ ಅಳೆಯಿರಿ. ಗ್ರಾಫಿನಲ್ಲಿ 400ರಲ್ಲಿ ಆಳದ ಗುಂಡಿ ಬಿದ್ದರೆ ಫೇಸ್ (ಎರಡು ಡ್ರೈವರಿನ ಅಲೆಗಳ ಹೊಂದಾಣಿಕೆ) ಸರಿ ಇದೆ, ಮತ್ತೆ ಉಲ್ಟಾ ಮಾಡಿ. ಗುಂಡಿ ಬೀಳದಿದ್ದರೆ ಫಿಲ್ಟರ್ ತಿದ್ದಬೇಕು, ಡ್ರೈವರ್ ಬದಲಿಸಬೇಡಿ.

ಇಲ್ಲ, ಜೋರು ಶಬ್ದವೇ ಬೇಕು ಅಂದರೆ ಮಿಡ್‌ನಿಂದ ಶುರು ಮಾಡಬೇಡಿ. 95-96 ಡಿಬಿಯ 12 ಇಂಚು ಪಿಎ (ಸಭೆ-ಸಮಾರಂಭದ ಮೈಕ್ ಸೆಟ್ಟಿನ) ವೂಫರ್, ಅದಕ್ಕೆ 60ರಿಂದ 100 ಲೀಟರ್ ಬಾಕ್ಸ್, 40 ಸೆಂ.ಮೀ. ಅಗಲ. ಸಣ್ಣ ಬಾಕ್ಸ್, ಆಳದ ಬಾಸ್, ಹೆಚ್ಚು ಎಫಿಶಿಯೆನ್ಸಿ, ಈ ಮೂರರಲ್ಲಿ ಎರಡು ಮಾತ್ರ ಸಿಗುವುದು. ಆಗ ಬಿ ಆಂಡ್ ಸಿ, ಫೈಟಲ್ ಪ್ರೊ, ಏಟೀನ್ ಸೌಂಡ್‌ನಂಥ ಇಟಲಿ ಕಂಪೆನಿಗಳ ಆರೂವರೆ ಇಂಚಿನ ಮಿಡ್‌ಗೆ ಅರ್ಥ ಉಂಟು. ಆದರೆ ಟ್ವೀಟರನ್ನೂ ಬದಲಿಸಬೇಕು, ಸಾಫ್ಟ್ ಡೋಮ್ ಅಷ್ಟಕ್ಕೆ ಮುಟ್ಟುವುದಿಲ್ಲ. ಆಂಪ್ಲಿಫೈಯರಿನ ಸುಯ್ ಅನ್ನುವ ಸದ್ದೂ ಆಗ ರಾತ್ರಿ ಕೇಳುತ್ತದೆ.

ಕೊನೆಗೆ ಕೇಳಿದ್ದೀರಲ್ಲ, 2 ಇಂಚಿನ ಡೋಮ್ ಮಿಡ್ ಹಾಕಬಹುದಾ ಅಂತ. ನಿಮ್ಮ ಬಾಕ್ಸಿಗೆ ಬೇಡ. ಅದರ ರೆಸೊನೆನ್ಸ್ ಸಾಮಾನ್ಯವಾಗಿ 300 ಹರ್ಟ್ಸ್ ಮೇಲೆ ಇರುತ್ತದೆ, 700-800ಕ್ಕಿಂತ ಕೆಳಗೆ ಕ್ರಾಸ್ ಮಾಡಲಾಗದು. ಆಗ ಸ್ವರದ ಅರ್ಧ ಭಾಗ ವೂಫರಿನಿಂದಲೇ ಬರುತ್ತದೆ. ಹಾಗಾದರೆ ಮಿಡ್ ಹಾಕಿದ್ದು ಎಂತಕ್ಕೆ?